ಕೆಂಪು ನೀಲಿಯಾದ ಲೇಬಲ್

ಜಾಹಿದಾಳ ಫೋನು ಬಂದಾಗ ಪದ್ಮಶ್ರೀ ವಿದ್ಯಾರಣ್ಯಪುರದ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಿವೃತ್ತಳಾಗಿ ಎರಡು ವರ್ಷವಾಗಿತ್ತು.

"ಮೇಡಂ, ದಾಸರಹಳ್ಳಿಯಿಂದ ಜಾಹಿದಾ. ಬಟ್ಟೆಗೆ ಹೊಲಿಯೋ ಲೇಬಲ್ ನೇಯ್ತೀವಲ್ಲ, ನಮ್ಮಪ್ಪನ ಕಾಲದಲ್ಲಿ ನೀವು ಡಿಸೈನ್ ಪ್ರೋಗ್ರಾಂ ಬರ್ಕೊಟ್ಟಿದ್ರಿ. ಹಳೇ ಕಂಪ್ಯೂಟರ್ ಕೆಟ್ಟೋಯ್ತು. ಹೊಸದಕ್ಕೆ ಹಾಕಿಸಿದ್ರೆ ಕೆಂಪೆಲ್ಲ ನೀಲಿ ಕಾಣ್ತಿದೆ. ನೇಯೋರು ಅದನ್ನ ನೋಡ್ಕೊಂಡು ನೀಲಿ ದಾರನೇ ಹಾಕ್ಬಿಟ್ರು."

"ಹಸಿರು ಹೇಗ್ ಕಾಣ್ತಿದೆ?"

"ಸರಿಯಾಗೇ ಇದೆ. ಕಪ್ಪು, ಬಿಳೀನೂ ಅಷ್ಟೆ. ಹಳದಿ ಮಾತ್ರ ಆಕಾಶದ ಬಣ್ಣ."

ಕೆಂಪು, ನೀಲಿ ಜಾಗ ಅದಲುಬದಲಾಗಿವೆ ಎಂದು ಪದ್ಮಶ್ರೀಗೆ ಅಲ್ಲೇ ಗೊತ್ತಾಯಿತು. ಆದರೆ ಆ ಭಾಗ ಬರೆದವನು ಆಗ ಜೊತೆಗೆ ಕೆಲಸ ಮಾಡುತ್ತಿದ್ದ ಗಯಾಸ್.

"ಗಯಾಸ್ ಅಂಕಲ್‌ಗೇ ಮೊದ್ಲು ಫೋನ್ ಮಾಡಿದ್ದೆ," ಎಂದಳು ಜಾಹಿದಾ. "ನೀವು ಬಂದ್ರೆ ಮಾತ್ರ ಬರ್ತೀನಿ ಅಂದ್ರು."

"ನಾಳೆ ಬರ್ತೀನಿ," ಎಂದು ಪದ್ಮಶ್ರೀ ಫೋನಿಟ್ಟಳು. ಗಯಾಸನ ಜೊತೆ ಮಾತಾಡಿ ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು.

ತೊಂಬತ್ತೇಳರಲ್ಲಿ ಯಶವಂತಪುರದ ಒಂದು ಮಹಡಿಯಲ್ಲಿ ಅವರಿಬ್ಬರೂ ಕೆಲಸಕ್ಕಿದ್ದ ಪುಟ್ಟ ಕಂಪನಿಯಿತ್ತು. ಆಗಿನ ಕಂಪ್ಯೂಟರ್ ಪರದೆ ಒಂದು ಸಲಕ್ಕೆ ತೋರಿಸುತ್ತಿದ್ದದ್ದು ಇನ್ನೂರ ಐವತ್ತಾರು ಬಣ್ಣ ಅಷ್ಟೆ. ಪರದೆಯ ಮೇಲೆ ಇವರ ಲೇಬಲ್ ಪ್ರೋಗ್ರಾಮಿನ ಕಿಟಕಿಯೊಳಗೆ ಮೌಸ್ ಹೋದರೆ ಸಾಕು, ಮಿಕ್ಕ ಕಿಟಕಿಗಳ ಬಣ್ಣವೆಲ್ಲ ಕಲಸಿಹೋಗುತ್ತಿತ್ತು. ಹೊರಗೆ ತಂದರೆ ಇವರದೇ ಕೆಡುತ್ತಿತ್ತು. ಇಬ್ಬರೂ ಹನ್ನೊಂದು ದಿನ ಅದರ ಬೆನ್ನು ಬಿದ್ದಿದ್ದರು. ಎಂಟನೆಯ ದಿನ ಗಯಾಸ್, "ಈಗ ಸರಿಹೋಯ್ತಲ್ಲ ಮೇಡಂ," ಎಂದ. ಪರದೆಯಲ್ಲಿದ್ದ ಕೆಂಪು ಗುಲಾಬಿ ಹಸಿರಾಗಿತ್ತು. ಪದ್ಮಶ್ರೀ ಅವನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಅವನ ಕಣ್ಣಿಗೆ ಹುಟ್ಟಿನಿಂದಲೇ ಕಾಣುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ."

ಅವಳು ಹೇಳಲಿಲ್ಲ. ಅಂದಿನಿಂದ ಅವಳು ಬಣ್ಣ ಹೇಳುವುದು, ಅವನು ಅಂಕಿ ತಿದ್ದುವುದು. ಆ ದಿನಗಳಷ್ಟು ನಕ್ಕ ದಿನಗಳು ಆಮೇಲೆ ಯಾವ ಆಫೀಸಿನಲ್ಲೂ ಅವಳಿಗೆ ಸಿಗಲಿಲ್ಲ. ಮೂರು ವರ್ಷದ ಮೇಲೆ ಹೇಗೋ ಮ್ಯಾನೇಜರಿಗೆ ವಿಷಯ ತಿಳಿಯಿತು. ಗಯಾಸ್ ಒಂದು ಮಾತೂ ಆಡದೆ ಕೆಲಸ ಬಿಟ್ಟುಹೋದ. ಬಾಯಿ ಬಿಟ್ಟವಳು ತಾನೇ ಎಂದು ಅವನು ತಿಳಿದಿರಬೇಕು ಅನ್ನಿಸಿ ಪದ್ಮಶ್ರೀಗೆ ಫೋನು ಮಾಡಲು ಧೈರ್ಯ ಬಂದಿರಲಿಲ್ಲ.

ಮರುದಿನ ಅವಳು ದಾಸರಹಳ್ಳಿಗೆ ಹೋದಾಗ ಗಯಾಸ್ ಆಗಲೇ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದ ಕುರ್ಚಿ ಎಳೆದಿಟ್ಟು, "ಹೇಳಿ ಮೇಡಂ, ಏನ್ ಕಾಣ್ತಿದೆ?" ಎಂದ.

ಅವಳು ಒಂದೊಂದೇ ಬಣ್ಣ ಹೇಳುತ್ತ ಹೋದಳು. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಪ್ರತಿ ಬಣ್ಣಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ; ಹಳೆಯ ಪರದೆ ಕೆಂಪಿನ ಅಂಕಿಯನ್ನು ಮೊದಲು ಓದುತ್ತಿತ್ತು, ಹೊಸದು ನೀಲಿಯದನ್ನು.

"ನಿನ್ನ ಕ್ರಮ ಯಾವುದು ಅಂತ ಪರದೇನ ಕೇಳ್ಬೇಕಿತ್ತು. ನಾನು ಕೇಳ್ದೇನೆ ಬರೆದ್ಬಿಟ್ಟಿದ್ದೀನಿ," ಎಂದು ಗಯಾಸ್ ನಾಲ್ಕು ಸಾಲು ತಿದ್ದಿದ. ಪದ್ಮಶ್ರೀ ಪರದೆ ನೋಡಿ "ಕೆಂಪು," ಎಂದಳು. ಜಾಹಿದಾ ಚಪ್ಪಾಳೆ ತಟ್ಟಿ ಚಹಾ ತರಿಸಲು ಓಡಿದಳು.

ಇಬ್ಬರೇ ಉಳಿದಾಗ ಪದ್ಮಶ್ರೀ ತಡೆಯಲಾರದೆ ಹೇಳಿದಳು: "ಗಯಾಸ್, ಮ್ಯಾನೇಜರಿಗೆ ನಾನು ಹೇಳ್ಲಿಲ್ಲ ಕಣ್ರೀ."

ಅವನು ಬೆರಗಾಗಿ ನೋಡಿದ. "ಗೊತ್ತಲ್ಲ! ನಾನೇ ಹೇಳಿದ್ದು. ಗಿರಾಕಿಗಳ ಮುಂದೆ ಕೂತು ಬಣ್ಣ ಸರಿಯಿದೆ ಅಂತ ಪಾಸ್ ಮಾಡೋ ಕೆಲಸಕ್ಕೆ ಹಾಕ್ತೀನಿ ಅಂದ್ರು, ಇನ್ನೇನ್ ಮಾಡ್ಲಿ? ಹೇಳಿದ್ಮೇಲೆ ಅಲ್ಲಿರೋಕೆ ನಾಚ್ಕೆ ಆಯ್ತು. ನಿಮ್ಗೆ ಹೇಳ್ದೆ ಹೋದೆ ಅಂತ ಕೋಪ ಮಾಡ್ಕೊಂಡಿದ್ದೀರ ಅಂತ ನಾನಿದ್ದೆ."

ಪದ್ಮಶ್ರೀ ನಗಲು ಹೋದಳು; ಕಣ್ಣು ತುಂಬಿ ಬಂತು. ಗಯಾಸ್ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟ.

ಮುಂದಿನ ಭಾನುವಾರ ಅವಳು ಅವನನ್ನು ಊಟಕ್ಕೆ ಕರೆದಳು. ಅವನು ಆರ್.ಟಿ. ನಗರದ ತನ್ನ ಮನೆಯಿಂದ ಹೆಂಡತಿ ಮಲ್ಕಾಳನ್ನೂ ಕರೆದುಕೊಂಡು ಬಂದ. ಊಟ ಮುಗಿದರೂ ಮಾತು ಮುಗಿಯಲಿಲ್ಲ. ಸಂಜೆಯ ಕಾಫಿಯೂ ಅಲ್ಲೇ ಆಯಿತು.