ಬರದ ಅತಿಥಿಯ ತಟ್ಟೆ

ಛಾವಣಿಯಲ್ಲಿ ಅರ್ಧ ಹೂವು. ಗಾರೆಯ ಹೂವು, ಸುತ್ತ ಎಲೆಬಳ್ಳಿ, ಈ ಹಳೆಯ ಕಟ್ಟಡ ಎದ್ದ ಕಾಲದಲ್ಲಿ ಯಾವನೋ ಏಣಿ ಹತ್ತಿ ಕತ್ತು ನೋಯಿಸಿಕೊಂಡು ಮೂಡಿಸಿದ್ದು, ಅದರ ನಟ್ಟನಡುವೆ ಈಗ ರಟ್ಟಿನಂಥ ಗೋಡೆ ಎಬ್ಬಿಸಿದ್ದಾರೆ, ಅರ್ಧ ಹೂವು ಲುತ್ಸಿನಾಳ ಕೋಣೆಗೆ, ಉಳಿದರ್ಧ ಪಕ್ಕದಲ್ಲಿ ಕೆಮ್ಮುತ್ತಿರುವವನಿಗೆ, ಕಿಟಕಿಯನ್ನೂ ಹಾಗೇ ಸೀಳಿದ್ದಾರೆ, ಒಂದು ಕದ ಇವಳಿಗೆ, ಒಂದು ಕದ ಅವನಿಗೆ, ಅವನು ತೆರೆದರೆ ಇವಳಿಗೆ ಚಳಿ — ಇದು ಖಾಸಗಿ ಕೋಣೆಯಂತೆ. ಹಾಸ್ಟೆಲ್ ಅಂದ್ರೆ ಸಾಲು ಮಂಚ ಅಂದ್ಕೋಬೇಡ ಲೂಶಾ, ನಿನಗೇ ಅಂತ ಕೋಣೆ, ಬೀಗ ಇದೆ, ಕಿಟಕಿ ಇದೆ, ನಮ್ಮನೆಯಿಂದ ಎರಡೇ ಬೀದಿ, ಅಂದಿದ್ದಳು ಫೋನಿನಲ್ಲಿ ದಗ್ಮಾರಾ, ತಮ್ಮನ ಹೆಂಡತಿ, ಮನೆಯವರಿಗೆಲ್ಲ ಲುತ್ಸಿನಾ ಅಂದರೆ ಲೂಶಾ, ಕಿಟಕಿ ಇದೆ ಅನ್ನುವುದನ್ನು ಎರಡು ಸಲ ಹೇಳಿದ್ದಳು, ನಾಯಿಗೆ ಗೂಡು ಕೊಂಡವರು ಹೇಳುವ ಹಾಗೆ. ಈ ಸಲ ಮನೆ ತುಂಬಿಹೋಗಿದೆ, ನಮ್ಮಪ್ಪ ಅಮ್ಮ ಬರ್ತಿದ್ದಾರೆ, ವಯಸ್ಸಾದೋರನ್ನ ಹಾಸ್ಟೆಲ್‌ಗೆ ಕಳಿಸೋಕಾಗತ್ತಾ ನೀನೇ ಹೇಳು. ಆಗುವುದಿಲ್ಲ, ಯಾರನ್ನು ಕಳಿಸಬಹುದು ಅನ್ನುವುದು ದಗ್ಮಾರಾಳಿಗೆ ಚೆನ್ನಾಗಿ ಗೊತ್ತು. ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅಂತ ಲುತ್ಸಿನಾ ಕೇಳಲಿಲ್ಲ, ಕೇಳುವುದೇನು, ಅಮ್ಮನ ಕೋಣೆ, ಈ ವಸಂತದಲ್ಲಿ ಅಮ್ಮ ಸತ್ತ ಕೋಣೆ, ಪ್ರತಿ ಕ್ರಿಸ್ಮಸ್‌ಗೂ ಅಮ್ಮನ ಪಕ್ಕದಲ್ಲಿ ಮಡಿಚುವ ಮಂಚ ಬಿಡಿಸಿಕೊಂಡು ಅವಳು ಮಲಗುತ್ತಿದ್ದದ್ದು ಅಲ್ಲೇ, ಕರ್ಪೂರದ ಮುಲಾಮಿನ ವಾಸನೆ, ಅಮ್ಮನ ಗೊರಕೆ, ನಡುವೆ ಗೊರಕೆ ನಿಂತರೆ ಕತ್ತಲಲ್ಲಿ ಕೈಚಾಚಿ ಹೊದಿಕೆ ಮುಟ್ಟಿ ನೋಡುವುದು — ಆ ಜಾಗದಲ್ಲಿ ಈಗ ದಗ್ಮಾರಾಳ ಅಪ್ಪನ ಚಪ್ಪಲಿ. ಕೆಳಗೆ ಟ್ರಾಮ್ ತಿರುವಿನಲ್ಲಿ ಕಿರುಚುತ್ತದೆ, ಅಲ್ಲಿ ಬ್ರೇಕ್ ಹಾಕ್ತಾರೇನೋ ಕತ್ತೆ, ಗ್ದಾನ್ಸ್ಕ್‌ನಲ್ಲಿ ಅವಳು ಓಡಿಸುವ ಟ್ರಾಮಿನಲ್ಲಿ ಹಾಗೆ ಹಾಕಿದರೆ ಮುದುಕಿಯರು ಛತ್ರಿ ಎತ್ತಿಕೊಂಡು ಬಂದಾರು, ಇವತ್ತಿನ ಪಾಳಿ ಬದಲಾಯಿಸಿಕೊಳ್ಳಲು ಡಿಪೋದಲ್ಲಿ ಯಾರ್ಯಾರಿಗೋ ಹಲ್ಲು ಗಿಂಜಿದ್ದಳು, ಊರಿಗೆ ಹೋಗ್ತಿದೀನಿ, ಪೊಜ್ನಾನ್‌ಗೆ, ಮನೆಗೆ. ಮನೆಗೆ!

ಮುಖ ತೊಳೆದು ಮೈಗೆ ಎರಡು ಚೊಂಬು ಬಿಸಿನೀರು ಹಾಕಿಕೊಳ್ಳೋಣವೆಂದು ಟವೆಲ್ ಹಿಡಿದು ಹೊರಟರೆ ಹಾಸ್ಟೆಲ್ ನಡೆಸುವ ಬೊಗ್ನಾ ಹಜಾರದಲ್ಲಿ ಕೈ ಅಡ್ಡ ಹಿಡಿದಳು, ಸ್ನಾನದ ತೊಟ್ಟಿ ಮುಟ್ಬೇಡಿ ಮೇಡಂ, ಒಳಗೆ ಮೀನಿದೆ. ಯಾವ ಮೀನು? ಯಾವ್ದು ಅಂದ್ರೆ, ಕಾರ್ಪ್, ಸಂಜೆ ಕ್ರಿಸ್ಮಸ್ ಊಟಕ್ಕೆ, ನಿಮ್ಮೂರಲ್ಲಿ ಇವತ್ತು ತಿಮಿಂಗಿಲ ತಿಂತಾರಾ? ನಮ್ಮೂರೂ ಇದೇ ಊರು, ಅಂದಳು ಲುತ್ಸಿನಾ. ಹಾಗಾದ್ರೆ ಹಬ್ಬದ ದಿನ ಇಲ್ಲಿ ಯಾಕೆ ಬಿದ್ದಿದೀರಿ ಅನ್ನುವುದನ್ನು ಬೊಗ್ನಾ ನುಂಗಿದಳು, ನುಂಗಿದ್ದು ಕಾಣುವ ಹಾಗೆ ನುಂಗಿದಳು. ಅಡುಗೆಮನೆಯ ಫ್ರಿಜ್ ಮೇಲೆ ಅದೇ ಹೆಂಗಸಿನ ಕೈಬರಹ, ನಿಮ್ಮದಲ್ಲದ್ದು ನಿಮ್ಮದಲ್ಲ. ಬಚ್ಚಲಿನ ಬಾಗಿಲು ಅರೆ ತೆರೆದಿತ್ತು, ಬೂದು ನೀರಿನಲ್ಲಿ ಬೂದು ಬೆನ್ನು, ತಿರುಗಲು ಜಾಗವಿಲ್ಲದೆ ಮೂತಿಯನ್ನು ಪಿಂಗಾಣಿಗೆ ಒತ್ತಿ ನಿಂತಿತ್ತು, ಇದಕ್ಕೂ ಖಾಸಗಿ ಕೋಣೆ — ಚಿಕ್ಕವನಿದ್ದಾಗ ತಮ್ಮ ಜೆನೋನ್ ಪ್ರತಿ ವರ್ಷ ಮೀನಿಗೊಂದು ಹೆಸರಿಡುತ್ತಿದ್ದ, ಅಪ್ಪ ಸುತ್ತಿಗೆ ತಂದಾಗ ಅತ್ತು ಕೆಂಪಾಗುತ್ತಿದ್ದ, ಆಮೇಲೆ ಎರಡು ತುಂಡು ಹೆಚ್ಚೇ ತಿನ್ನುತ್ತಿದ್ದ, ಅವನು ಆಗಲೂ ಹಾಗೆಯೇ, ಮೊದಲು ಅಳು, ಆಮೇಲೆ ಊಟ. ಆಗಿನ ಹಬ್ಬದ ಮೇಜು, ಮೇಜುಬಟ್ಟೆಯ ಕೆಳಗೆ ಒಣಹುಲ್ಲು, ಕೆಂಪು ಬೀಟ್‌ರೂಟ್ ಸಾರು, ಗಸಗಸೆ, ಮತ್ತು ಬಾಗಿಲ ಕಡೆಯ ಮೂಲೆಯಲ್ಲಿ ಯಾರೂ ಕೂರದ ಕುರ್ಚಿಯ ಮುಂದೆ ಒಂದು ತಟ್ಟೆ, ಹೇಳದೆ ಬರುವ ಅತಿಥಿಗೆ, ದಾರಿ ತಪ್ಪಿದವನಿಗೆ, ಯಾರಾದರಾಗಲಿ ಬಾಗಿಲು ತಟ್ಟಿದರೆ. ಯಾರೂ ತಟ್ಟಲಿಲ್ಲ, ಯಾವ ಮನೆಯಲ್ಲೂ ಯಾರೂ ತಟ್ಟುವುದಿಲ್ಲ, ಆದ್ದರಿಂದಲೇ ಅಮ್ಮ ಅಲ್ಲಿ ಅದನ್ನಿಡುತ್ತಿದ್ದಳು, ನೀಲಿ ಗೆರೆಯ ಬಿಳಿ ತಟ್ಟೆ, ಅಂಚು ಒಂದು ಕಡೆ ಒಡೆದದ್ದು, ಬರದವನಿಗೆ ಒಡೆದದ್ದಾದರೇನು. ಒಡೆದವನು ಜೆನೋನ್. ನಾಲ್ಕು ವರ್ಷದವನು, ಡೋಲು ಅಂತ ನಲ್ಲಿಗೆ ಬಡಿದ, ಚೂರು ಹಾರಿತು, ಅಮ್ಮನ ಹೆಜ್ಜೆ ಸದ್ದಾದಾಗ ಅವನ ಬಾಯಿ ಅಳುವುದಕ್ಕೆ ತೆರೆದಿತ್ತು, ನಾನೇ ಒಡೆದೆ ಅಂದುಬಿಟ್ಟಳು ಲುತ್ಸಿನಾ, ಕೆನ್ನೆಗೆ ಬಿತ್ತು, ಒದ್ದೆ ಕೈಯ ಏಟು, ಈಗಲೂ ಚಳಿಗೆ ಆ ಕೆನ್ನೆಯೇ ಮೊದಲು ಮರಗಟ್ಟುತ್ತದೆ.

ಕಿಟಕಿಯ ಒಂದು ಕದದಲ್ಲಿ ಆಕಾಶ ಆಗಲೇ ಮಸಿ, ಮೊದಲ ನಕ್ಷತ್ರ ಮೂಡಿದರೆ ಊಟಕ್ಕೆ ಕೂರಬೇಕು, ಇಲ್ಲಿಂದ ಕಾಣುವುದು ಔಷಧದಂಗಡಿಯ ಹಸಿರು ದೀಪ ಮಾತ್ರ, ಕೂರಲಿ, ಅವರು ಕೂರಲಿ, ಅವಳು ಹೋಗುವುದಿಲ್ಲ, ಬಂದ ಮೇಲೆ ತೀರ್ಮಾನಿಸಿದ್ದಲ್ಲ ಇದು, ರೈಲಿನಲ್ಲೇ, ಅಲ್ಲ, ಫೋನಿನಲ್ಲೇ — ಹೋದರೆ ಒಪ್ವಾತೆಕ್ ಮುರಿಯಬೇಕು, ಹಪ್ಪಳಕ್ಕಿಂತ ತೆಳುವಾದ ಆ ಬಿಳಿ ರೊಟ್ಟಿ, ಒಬ್ಬರ ಕೈಯಿಂದ ಒಬ್ಬರು ಮುರಿದು ಬಾಯಿಗಿಟ್ಟುಕೊಂಡರೆ ವರ್ಷದ್ದೆಲ್ಲ ಮಾಫಿ, ಆರೋಗ್ಯ ಸಿಗಲಿ ಲೂಶಾ, ಸಂತೋಷ ಸಿಗಲಿ ಲೂಶಾ, ಒಂದು ಮಂಚ ಸಿಗಲಿ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹೋದರೆ ಎಷ್ಟು ಜನ, ಜೆನೋನ್, ದಗ್ಮಾರಾ, ಎರಡು ಮಕ್ಕಳು, ಆ ಮುದುಕ, ಆ ಮುದುಕಿ, ಆರು, ತಾನು ಏಳು, ಬರದವನದು ಎಂಟನೇ ತಟ್ಟೆ. ಎಂಟು ತಟ್ಟೆ ಹಿಡಿಯುತ್ತದೆ ಆ ಮೇಜು, ಹಲಗೆ ಎಳೆದು ಉದ್ದ ಮಾಡಿದರೆ ಹನ್ನೆರಡೂ ಹಿಡಿಯುತ್ತದೆ, ಅವಳಿಗೆ ಗೊತ್ತು, ಆ ಹಲಗೆಗೆ ಬೆರಳು ಸಿಕ್ಕಿಸಿಕೊಂಡು ಬೆಳೆದವಳು. ಹಜಾರದಲ್ಲಿ ಹಿಮ ಕೊಡವುವ ಬೂಟಿನ ಸದ್ದು. ಬೂಟು ಬಿಚ್ಚಿ, ಈಗಷ್ಟೇ ಒರೆಸಿದೀನಿ, ಬೊಗ್ನಾಳ ದನಿ, ಯಾರು ಬೇಕು? ನನ್ನಕ್ಕ, ಗ್ದಾನ್ಸ್ಕ್‌ನಿಂದ ಬಂದಿದ್ದಾಳೆ. ಓ, ಅವರಾ, ನಾನು ಅನಾಥರು ಅಂದ್ಕೊಂಡಿದ್ದೆ, ಕೊನೇ ಬಾಗಿಲು. ಸಂಕೋಚದ ನಗು, ಜೆನೋನ್‌ನದು, ತಪ್ಪು ಮಾಡಿ ಸಿಕ್ಕಿಬಿದ್ದಾಗಲೂ ಇದೇ ನಗು, ಡೋಲು ಬಡಿದ ದಿನವೂ. ಬಾಗಿಲಿಗೆ ಬೆರಳ ಗೆಣ್ಣು. ಲೂಶಾ. ಲೂಶಾ, ಮಕ್ಕಳು ಹಸ್ಕೊಂಡು ಕೂತಿದ್ದಾವೆ, ಮಾವ ಆಗಲೇ ಮೀನಿನ ಮೇಲೆ ಕಣ್ಣಿಟ್ಟಿದ್ದಾನೆ, ಬಾರೇ. ಪಕ್ಕದವನು ಕೆಮ್ಮು ನಿಲ್ಲಿಸಿದ, ಕೇಳಿಸಿಕೊಳ್ಳಲು ಇರಬೇಕು, ಹಾಳಾದವನು. ಸಿಟ್ಟಾ? ಸಿಟ್ಟಿದ್ರೆ ಎದುರಿಗೆ ಬೈಯಿ. ದಗ್ಮಾರಾ ಹೇಳಿದ್ಲು ನಿನಗೆ ಇಲ್ಲೇ ಆರಾಮ ಅಂತ. ಆರಾಮ! ಎದ್ದು ಬಾಗಿಲು ಎಳೆದಳು, ಬಾಗಿಲು ಮಂಚಕ್ಕೆ ಬಡಿದು ಅರ್ಧಕ್ಕೇ ನಿಂತಿತು, ಆ ಅರ್ಧದಲ್ಲಿ ತಮ್ಮ, ಕಾಲುಚೀಲದಲ್ಲಿ, ತಲೆಯ ಮೇಲೆ ಕರಗುವ ಹಿಮ, ಕೂದಲು ಇಷ್ಟು ಕಡಿಮೆಯಾಗಿದೆ, ಅಪ್ಪನ ಹಣೆ ಬಂದುಬಿಟ್ಟಿದೆ ಇವನಿಗೆ, ಕೈಯಲ್ಲಿ ಕರವಸ್ತ್ರದ ಮೇಲೆ ಬಿಳಿ ಒಪ್ವಾತೆಕ್. ಚಾಚಿದ, ತಕ್ಷಣ ಹಿಂದಕ್ಕೆಳೆದುಕೊಂಡ. ಹೊಸ್ತಿಲ ಮೇಲೆ ಬೇಡ, ಅಮ್ಮ ಇದ್ದಿದ್ರೆ ಕಿರುಚ್ತಿದ್ಲು. ಹೌದು, ಹೊಸ್ತಿಲ ಮೇಲಿಂದ ಕೊಟ್ಟರೆ ಜಗಳ, ಕೈಕುಲುಕಿದರೂ ಜಗಳ, ಅಂಚೆಯವನೂ ಒಂದು ಕಾಲು ಒಳಗಿಟ್ಟೇ ಕಾಗದ ಕೊಡಬೇಕಿತ್ತು ಅಮ್ಮನಿಗೆ. ಒಳಗೆ ಬರ್ಲಾ? ಅವನು ಇಣುಕಿದ, ಮಂಚ, ಚೀಲ, ಗೋಡೆ, ಇನ್ನೊಬ್ಬ ಮನುಷ್ಯ ನಿಲ್ಲುವಷ್ಟು ನೆಲವಿಲ್ಲ, ಅವನಿಗದು ಕಂಡಿತು, ಕಂಡದ್ದು ಅವನ ಕಿವಿ ಕೆಂಪಾದದ್ದರಲ್ಲಿ ಇವಳಿಗೆ ಕಂಡಿತು, ನೀನೇ ಹೊರಗೆ ಬಾ ಲೂಶಾ, ಪ್ಲೀಸ್, ಅಂದ, ದನಿ ಮೀನಿಗೆ ಹೆಸರಿಡುತ್ತಿದ್ದವನದು, ಮತ್ತು ಅವಳ ಬಲಗಾಲು ಹೊಸ್ತಿಲು ದಾಟಿ ಹಜಾರದ ತಣ್ಣನೆಯ ನೆಲ ಮುಟ್ಟಿತು, ಇನ್ನೊಂದು ಕಾಲು, ಇನ್ನೊಂದೇ, ಕೈ ಆಗಲೇ ಒಪ್ವಾತೆಕ್‌ನ ಅಂಚಿಗೆ ಹೋಗಿತ್ತು, ಎಷ್ಟು ತಟ್ಟೆ ಇಟ್ಟಿದೀರಿ, ಅಂತ ಕೇಳಿದಳು, ಯಾಕೆ ಕೇಳಿದಳು, ಕೇಳದೆ ಇರಬಹುದಿತ್ತು. ಎಂಥ ಪ್ರಶ್ನೆಯೇ ಇದು, ಅವನು ನಕ್ಕ, ಹಗುರಾಗಿ, ಎಲ್ಲ ಸರಿಹೋಯಿತು ಅಂದುಕೊಂಡವನ ನಗು, ಏಳು ತಟ್ಟೆ, ದಗ್ಮಾರಾ ಲೆಕ್ಕ ಹಾಕೇ ಇಟ್ಟಿದ್ದಾಳೆ, ಬಾಗಿಲ ಕಡೆ ಮೂಲೇಲಿ ನಿನ್ನ ಜಾಗ, ಅಮ್ಮನ ಆ ನೀಲಿ ಗೆರೆ ತಟ್ಟೆ, ಅದೇ, ನೀನೇ ಒಡೆದದ್ದಲ್ವಾ ಅದು. ಹೊರಗಿನ ಕಾಲಿಗೆ ಚಳಿ ಏರುತ್ತಿದೆ, ಒಳಗಿನ ಕಾಲು ಒಳಗೇ ಇದೆ, ಬೆರಳ ನಡುವೆ ರೊಟ್ಟಿ ಮುರಿಯಲೂ ಇಲ್ಲ ಬಿಡಲೂ ಇಲ್ಲ, ಕೆಳಗೆ ಇನ್ನೊಂದು ಟ್ರಾಮ್, ಅವನು ಏನೋ ಹೇಳುತ್ತಿದ್ದಾನೆ, ಸಾರು ಆರುತ್ತದೆ ಅಂತಲೋ ಏನೋ, ಅವಳಿಗೆ ಕಾಣುತ್ತಿರುವುದು ಮೇಜಿನ ಮೂಲೆ, ಬಾಗಿಲ ಕಡೆ, ಬಿಳಿ, ನೀಲಿ ಗೆರೆ, ಗೆರೆ ಸುತ್ತಿ ಬರುತ್ತದೆ, ಬರುತ್ತದೆ, ಒಡೆದಲ್ಲಿ ನಿಲ್ಲುತ್ತದೆ.