ಸುತ್ತಿಗೆ ಸುಮ್ಮನಾದ ದಿನ

ಆ ಬೀದಿಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಎರಡೂ ಕಡೆ ತಗಡಿನ ಕೆಲಸದವರ ಅಂಗಡಿಗಳು. ಬೆಳಗಾದರೆ ಸಾಕು, ಟ್ರಂಕು, ಬಕೆಟ್ಟು, ನೀರಿನ ಡ್ರಮ್ಮು ಅಂತ ಶುರುವಾದ ಬಡಿತ ಕತ್ತಲಾಗುವವರೆಗೂ ನಿಲ್ಲುತ್ತಿರಲಿಲ್ಲ. ಗಂಡ ಹೆಂಡತಿ ಗುಟ್ಟು ಮಾತಾಡುವುದಿದ್ದರೂ ಕೂಗಿಯೇ ಆಡಬೇಕು. ಹೀಗಾಗಿ ಅಲ್ಲಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿದದ್ದಿಲ್ಲ ಬಿಡಿ. ವರ್ಷಕ್ಕೆ ಒಂದೇ ದಿನ, ವಸಂತದ ಹಬ್ಬದಂದು, ಇಡೀ ಬೀದಿ ಸುತ್ತಿಗೆ ಕೆಳಗಿಡುತ್ತಿತ್ತು.

ಆ ದಿನಕ್ಕಾಗಿ ಮೇಸ್ತ್ರಿಯ ಮನೆಯ ಸೊಸೆ ಚಳಿಗಾಲದಿಂದ ಕಾದಿದ್ದಳು. ಆ ದಿನ ಬರದೇ ಹೋಗಲಿ ಎಂದೂ ಬೇಡಿಕೊಂಡಿದ್ದಳು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಮರದ ಹಲಗೆಯ ನೆಲ. ಮಗು ಹುಟ್ಟಿದ ಹೊಸತರಲ್ಲಿ ಕೆಳಗೆ ಒಂದು ಏಟು ಬಿದ್ದರೆ ಮೇಲೆ ತೊಟ್ಟಿಲಲ್ಲಿ ಕಿಟಾರನೆ ಕಿರುಚುತ್ತಿತ್ತು. ಅಳು ಅಂದರೆ ಎಂಥಾ ಅಳು! ಮಾವನಿಗೆ ತಲೆ ತಗ್ಗಿಸುವಂತಾಗಿತ್ತು. "ತಗಡಿನವನ ಮೊಮ್ಮಗ ಸುತ್ತಿಗೆಗೆ ಹೆದರೋದಾ? ಮರ್ಯಾದೆ ಪ್ರಶ್ನೆ ಕಣಮ್ಮ!" ಎಂದು ಗೊಣಗುತ್ತಲೇ ಏಟು ಸಣ್ಣದು ಮಾಡುತ್ತಿದ್ದರು. ಚಳಿಗಾಲದಲ್ಲಿ ಮಗುವಿಗೆ ಜ್ವರ ಬಂತು. ಮೈ ಕೆಂಡ, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಡಾಕ್ಟರು ಔಷಧಿ ಕೊಟ್ಟರು, ಹೇಗೋ ಬದುಕಿಕೊಂಡಿತು. ಮೈಮೇಲೆ ಮಾಂಸ ತುಂಬಿತು, ನಗು ಮರಳಿ ಬಂತು, ಮತ್ತೆ ಸುತ್ತಿಗೆ ಬಿದ್ದಾಗ ಮಗು ಅಳಲಿಲ್ಲ.

ಮಾವನ ಹಿಗ್ಗು ಹೇಳತೀರದು. "ನೋಡಿದ್ಯಾ, ಪಳಗಿಬಿಟ್ಟ! ಇವನೇ ಕಣೋ ನಮ್ಮ ಪುಟ್ಟ ಮೇಸ್ತ್ರಿ!" ಎಂದು ಬಕೆಟ್ಟು ಕೊಳ್ಳಲು ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದರು. ಅತ್ತೆಯಂತೂ ಮನೆಮನೆಗೆ ಹೋಗಿ ಸಕ್ಕರೆ ಹಂಚಿ ಬಂದರು. ತೊಟ್ಟಿಲಲ್ಲಿ ಮಲಗಿಸಿದರೆ ಏಟಿಗೊಮ್ಮೆ ಕಾಲು ಬಡಿದು ನಗುತ್ತದೆ ಬೇರೆ, ಇನ್ನೇನು ಬೇಕು?

ಸೊಸೆಗೆ ಮಾತ್ರ ಅನುಮಾನ. ಅವಳು ಹಿಂದಿನಿಂದ ಕರೆದರೆ ಮಗು ತಿರುಗುತ್ತಿರಲಿಲ್ಲ. ಗಂಡನ ಹತ್ತಿರ ಹೇಳಿದಳು. "ಈ ಗದ್ದಲದಲ್ಲಿ ನೀನು ಕರೆದ್ರೆ ನಾನೇ ತಿರುಗಲ್ಲ, ಅದು ಹೇಗೆ ತಿರುಗುತ್ತೆ?" ಎಂದು ನಕ್ಕುಬಿಟ್ಟ. ಅತ್ತೆಯ ಕಿವಿಗೆ ಹಾಕಿದಳು. "ಬಿಡ್ತು ಅನ್ನು! ಹೆತ್ತ ತಾಯಿ ಆಡೋ ಮಾತಾ ಇದು?" ಎಂದು ಗದರಿದರು. ರಾತ್ರಿ ಸದ್ದಡಗಿದಾಗ ಪರೀಕ್ಷೆ ಮಾಡೋಣವೆಂದರೆ ಮಗು ಗಾಢ ನಿದ್ದೆಯಲ್ಲಿರುತ್ತಿತ್ತು. ಮಲಗಿದ ಮಗು ಏಳದಿದ್ದರೆ ಅದಕ್ಕೇನು ಅರ್ಥ? ಆದರೆ ಅದೊಂದು ನೆಪ. ಎಬ್ಬಿಸಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಹಬ್ಬ ಬರಲಿ, ಬೀದಿ ಸುಮ್ಮನಾಗಲಿ, ಹಾಡುಹಗಲಲ್ಲಿ ತಿಳಿದೇಬಿಡಲಿ ಎಂದು ದಿನ ದೂಡಿದ್ದಳು.

ಹಬ್ಬ ಬಂತು. ಮಗುವಿನ ಮೊದಲ ವಸಂತದ ಹಬ್ಬ, ಅದೂ ಆ ಜ್ವರ ದಾಟಿ ಬಂದದ್ದು, ಸಾಮಾನ್ಯವೇ? ಗಂಡ ಕಿಟಕಿಗೆಲ್ಲ ಹೂವು ಕಟ್ಟಿದ. ಮಾವ ತೆಳು ತಗಡಿನಲ್ಲಿ ಕತ್ತರಿಸಿದ ಹಕ್ಕಿಗಳನ್ನು ತೊಟ್ಟಿಲ ಮೇಲೆ ನೇತುಹಾಕಿದರು. ಅತ್ತೆ ಹೊಲಿದ ಹಳದಿ ಅಂಗಿಗೆ ಕೆಂಪು ಗುಂಡಿಗಳು, ಒಂದೊಂದೂ ನೆಲ್ಲಿಕಾಯಿ ಗಾತ್ರ. ಅಂಗಡಿಯ ಬಾಗಿಲು ಹಾಕಿತ್ತು. ಅತ್ತೆ ಮಾತ್ರ ಅಭ್ಯಾಸಬಲದಿಂದ, "ಹಾಲು ಉಕ್ಕುತ್ತೆ ನೋಡೇ!" ಎಂದು ಅರಚಿದರು, ಅರಚಿದ ಮೇಲೆ ತಮ್ಮ ದನಿಗೆ ತಾವೇ ಬೆಚ್ಚಿದರು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಂತೆ ಮಾಡಿದಳು.

ಹೊತ್ತೇರಿದ ಮೇಲೆ ನಾದಿನಿ ಬಂದಳು. ಅವಳದು ಸದ್ದಿಲ್ಲದ ಬೀದಿ, ಹಾಗಾಗಿ ಮಾತೂ ಮೆತ್ತಗೆ. ಕೈಯಲ್ಲೊಂದು ಗಿಲಕಿ ತಂದಿದ್ದಳು. ಮಗುವಿನ ಮುಖದ ಮುಂದೆ ಆಡಿಸಿದಳು. ಮಗು ಎರಡೂ ಕೈ ಚಾಚಿತು.

"ಅಯ್ಯೋ ನನ್ನ ಬಂಗಾರ! ಅತ್ತಿಗೆ, ಎಷ್ಟು ಚುರುಕು ನೋಡಿ!"

"ಹಿಂದೆ ನಿಂತು ಆಡ್ಸು," ಎಂದಳು ಸೊಸೆ.

"ಯಾಕೆ?"

"ಆಡ್ಸು, ನನ್ನಾಣೆ."

ನಾದಿನಿ ಮಗುವಿನ ಬೆನ್ನ ಹಿಂದೆ ಕೂತು ಗಿಲಕಿ ಆಡಿಸಿದಳು. ಮಗು ಅಂಗಿಯ ಗುಂಡಿ ಹಿಡಿದು ನೋಡುತ್ತಿತ್ತು. ಜೋರಾಗಿ ಆಡಿಸಿದಳು. ಮಗು ಗುಂಡಿಯನ್ನು ಬಾಯಿಗಿಟ್ಟಿತು. ಗಂಡ ಎದ್ದು ಬಂದು ಚಪ್ಪಾಳೆ ತಟ್ಟಿದ, ಕಿವಿಯ ಪಕ್ಕದಲ್ಲೇ.

"ಹೊಸ ಗುಂಡಿ ಅಲ್ವಾ, ಅದರ ಮೇಲೇ ಜೀವ," ಎಂದರು ಅತ್ತೆ.

ಸೊಸೆ ಅಡುಗೆಮನೆಗೆ ಹೋಗಿ ದೊಡ್ಡ ತಟ್ಟೆ ತಂದಳು. ಮಗುವಿನ ಹಿಂದೆ ನಿಂತು, ಕಣ್ಣುಮುಚ್ಚಿ, ಅದನ್ನು ಕೈಯಲ್ಲೇ ಎತ್ತಿಹಿಡಿದು ಸೌಟಿನಿಂದ ಬಡಿದಳು. ಅತ್ತೆ ಎದೆ ಹಿಡಿದುಕೊಂಡರು. ನಾದಿನಿ ಕೂತಲ್ಲೇ ಕುಪ್ಪಳಿಸಿದಳು. ಕಿಟಕಿಯ ಹತ್ತಿರವಿದ್ದ ಅರೆಕಿವುಡ ಮಾವ ಕೂಡ, "ಏನದು?" ಎಂದು ತಿರುಗಿದರು. ಆ ಕೋಣೆಯಲ್ಲಿ ಬೆಚ್ಚದೇ ಇದ್ದದ್ದು ಒಂದೇ ಜೀವ.

"ಮಗೂಗೆ ಕೇಳಿಸಲ್ಲ ಮಾವ," ಎಂದಳು ಸೊಸೆ.

ಮಾವನಿಗೆ ಮಾತು ಕೇಳಿಸಲಿಲ್ಲ. ಗಂಡ ಹೋಗಿ ಕಿವಿಯಲ್ಲಿ ಹೇಳಿದ. ಮೇಸ್ತ್ರಿಯ ಮುಖ ಕೆಂಪಾಯಿತು. "ಥೂ! ಹಬ್ಬದ ದಿನ ಏನು ಮಾತಾಡ್ತಿದೀರ? ಗಿಲಕಿ ತಟ್ಟೆ ಎಲ್ಲ ಯಾರಿಗೆ ಬೇಕು? ನಮ್ಮ ಹುಡುಗ ಸುತ್ತಿಗೆಗೆ ನಗೋನು! ತೊಟ್ಟಿಲಿಗೆ ಹಾಕು. ನೋಡ್ತಿರು!"

"ಇವತ್ತು ಸುತ್ತಿಗೆ ಮುಟ್ಟಬೇಡಿ ಅಂದ್ರೆ," ಎಂದರು ಅತ್ತೆ. ಮೇಸ್ತ್ರಿ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ಕೆಳಗೆ ಬಾಗಿಲು ತೆರೆದ ಸದ್ದು. ಆಮೇಲೆ ಧಡ್ ಎಂದು ಒಂದು ಏಟು. ಮಗು ತೊಟ್ಟಿಲಲ್ಲಿ ಕಾಲು ಬಡಿದು ಕಿಲಕಿಲ ನಕ್ಕಿತು.

"ಕೇಳಿಸ್ತು! ಕೇಳಿಸ್ತು ಕಣೇ!" ಗಂಡ ಕುಣಿದಾಡಿಬಿಟ್ಟ. ನಾದಿನಿ ಕಣ್ಣೊರೆಸಿಕೊಂಡಳು. ಅತ್ತೆ, "ಇಷ್ಟು ದಿನದಿಂದ ಬಡ್ಕೊಂಡೆ, ಕೆಟ್ಟ ಮಾತು ಆಡ್ಬೇಡ ಅಂತ!" ಎಂದು ಅಳುತ್ತಲೇ ಬೈದರು. ಸೊಸೆಗೂ ಒಂದು ಗಳಿಗೆ ಜೀವ ಬಂದಂತಾಯಿತು. ತಾನು ಪಾಪಿ, ತನ್ನ ಬಾಯಿಗೆ ಹುಳ ಬೀಳಲಿ ಎಂದುಕೊಂಡು ಮಗುವಿನತ್ತ ಬಗ್ಗಿದಳು. ಬಗ್ಗಿದವಳು ತೊಟ್ಟಿಲ ಕಾಲನ್ನು ಹಿಡಿದಳು. ಅಷ್ಟರಲ್ಲಿ ಇನ್ನೊಂದು ಏಟು ಬಿತ್ತು. ಹಲಗೆ ನಡುಗಿತು, ತೊಟ್ಟಿಲು ನಡುಗಿತು, ಅವಳ ಅಂಗೈ ಜುಮ್ಮೆಂದಿತು. ಮಗು ನಕ್ಕಿತು.

ಅವಳು ಆ ನಡುಕ ತಾಗದಂತೆ ಮಗುವನ್ನು ತೊಟ್ಟಿಲಿಂದ ಎತ್ತಿ ಎದೆಗವಚಿಕೊಂಡು ನಿಂತಳು.

"ಇನ್ನೊಂದ್ಸಲ ಹೊಡೀರಿ ಅಂತ ಹೇಳಿ," ಎಂದಳು ಗಂಡನಿಗೆ.

ಗಂಡ ಕಿಟಕಿಯಿಂದ ಬಗ್ಗಿ ಕೂಗಿದ. ಏಟು ಬಿತ್ತು. ಮಗು ಅವಳ ಮೂಗನ್ನು ನೋಡುತ್ತಿತ್ತು. ಮತ್ತೊಂದು ಬಿತ್ತು, ಮೊದಲಿನದಕ್ಕಿಂತ ಜೋರು. ಹಬ್ಬದ ದಿನ ಯಾರಪ್ಪ ಇದು ಎಂದು ಎದುರುಮನೆಯ ಕಿಟಕಿ ತೆರೆಯಿತು, ಆಚೆಮನೆಯದೂ ತೆರೆಯಿತು. ಮೇಸ್ತ್ರಿ ಮೈಮೇಲೆ ಬಂದವರ ಹಾಗೆ ಬಡಿಯುತ್ತಲೇ ಇದ್ದರು. ಮಗುವಿನ ರೆಪ್ಪೆ ಕೂಡ ಅಲುಗಲಿಲ್ಲ.

"ಆ ಜ್ವರ..." ಎಂದ ಗಂಡ, ಅಷ್ಟಕ್ಕೇ ನಿಲ್ಲಿಸಿದ. ಅತ್ತೆ ನೆಲಕ್ಕೆ ಕುಸಿದು ಕೂತರು. "ಸಕ್ಕರೆ ಹಂಚಿದ್ನಲ್ಲೇ," ಎಂದರು, "ಅಳು ನಿಂತಿತು ಅಂತ ಈ ಕೈಯಾರೆ ಸಕ್ಕರೆ ಹಂಚಿದ್ನಲ್ಲೇ ನಾನು..."

ಕೆಳಗೆ ಬಡಿತ ನಿಂತಿತು.

"ಕೇಳಿಸ್ತೇನಮ್ಮಾ?" ಮಾವ ಮೆಟ್ಟಿಲ ಬುಡದಿಂದ ಕೂಗಿದರು. ಏದುಸಿರು ಬಿಡುತ್ತಿದ್ದರು.

"ಇಲ್ಲ ಮಾವ," ಎಂದಳು. ಎಂದಾದರೂ ಹೇಳಬೇಕಾಗಿ ಬಂದರೆ ಹೀಗೆ ಮೆಲ್ಲಗೆ ಹೇಳಬೇಕು, ಆ ಮುದುಕರ ಕೈ ಹಿಡಿದು ಹೇಳಬೇಕು ಎಂದುಕೊಂಡಿದ್ದಳು.

"ಆಂ? ಗಟ್ಟಿಯಾಗಿ ಹೇಳಮ್ಮ! ಕೇಳಿಸ್ತಾ ನಮ್ಮ ಪುಟ್ಟ ಮೇಸ್ತ್ರಿಗೆ?"

ಅವಳು ಗಂಡನ ಮುಖ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಅವನಿಂದ ಆಗುವಂತಿರಲಿಲ್ಲ. ಸೊಸೆ ಮೆಟ್ಟಿಲ ತಲೆಗೆ ಬಂದು, ಮಗುವನ್ನು ಬಿಗಿಯಾಗಿ ಅವಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು.

"ಇಲ್ಲ ಮಾವಾ! ನಮ್ಮ ಮಗೂಗೆ ಕಿವಿ ಕೇಳಿಸಲ್ಲ!"

ಸುತ್ತಿಗೆ ಸುಮ್ಮನಿದ್ದ ಆ ಬೀದಿಯಲ್ಲಿ ಮಾತು ಕೊನೆಯ ಮನೆಯವರೆಗೂ ಕೇಳಿಸಿತು. ಅವಳ ಬಾಯಿಗೆ ಕಿವಿ ತಾಗಿಸಿಕೊಂಡಿದ್ದ ಮಗು ಮಾತ್ರ ಕೆಂಪು ಗುಂಡಿಯನ್ನು ಚೀಪುತ್ತಲೇ ಇತ್ತು.