ಹನ್ನೆರಡನೆಯ ಹಾಡು ಮುಗಿದ ಮೇಲೆ

ಹಿಟ್ಟು, ಗುಂಡಿಯ ಮೇಲೆ ಹಿಟ್ಟು, ಸಿ.ಡಿ. ಪ್ಲೇಯರಿನ ನಿಲ್ಲಿಸುವ ಗುಂಡಿಯ ಮೇಲೆ ಎಷ್ಟೋ ಭಾನುವಾರಗಳ ಹಿಟ್ಟು ಒಣಗಿ ಬೆಳ್ಳಗೆ ಕೂತಿದೆ, ಮಿಸೆಸ್ ಬರ್ಗ್ ಸೇಬಿನ ಪೈಗೆ ಹಿಟ್ಟು ನಾದುತ್ತಲೇ ಸತ್ತ ಮಗ ವೇಡ್‌ನ ಹಾಡು ಕೇಳುತ್ತಾರೆ, ಮುಗಿದ ಕೂಡಲೇ ಅದೇ ಬೆರಳಿನಿಂದ ಒತ್ತಿಬಿಡುತ್ತಾರೆ, ಖಾಲಿ ಓಡಿಸಿ ಕರೆಂಟು ಯಾಕೆ ದಂಡ ಅಂತ — ಎರಡು ವರ್ಷದಿಂದ ನಾನು ಈ ಅಡುಗೆಮನೆಯಲ್ಲಿ ಕೂತು ಆ ಬೆರಳನ್ನೇ ನೋಡುತ್ತೇನೆ, ಅದು ಒತ್ತಿದ ಮೇಲೆಯೇ ನನಗೆ ಉಸಿರು, ಈಗ ವೇಡ್ ಕೊನೆಯ ಚರಣ ಹಾಡುತ್ತಿದ್ದಾನೆ, ಅವನ ದನಿಯ ಕೆಳಗೆ ನನ್ನ ಬೇಸ್ ಗಿಟಾರು ಯಾರೋ ಮಹಡಿಯ ಮೇಲೆ ಬರಿಗಾಲಲ್ಲಿ ಓಡಾಡಿದ ಹಾಗೆ, ಕಿಟಕಿಯಾಚೆ ಟಕೋಮಾದ ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣ, ಕಾಗದದ ಮಿಲ್ಲಿನಿಂದ ಕೊಳೆತ ಮೊಟ್ಟೆಯ ವಾಸನೆ, ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ವಾಸನೆಯೇ ಅಲ್ಲ, ವೇಡ್‌ನ ಅಂಗಿಯಲ್ಲೂ ಅದೇ ಇರುತ್ತಿತ್ತು, ಸಂಜೆ ಪಾಳಿ ಮಾಡುತ್ತಿದ್ದನಲ್ಲ, ತಂಬಾಕು, ಮಿಲ್ಲು, ಹಸಿ ಉಣ್ಣೆ, ಹಾಡು ನಿಧಾನವಾಗುತ್ತಿದೆ, ಇವತ್ತು ಬೇಗ ಒತ್ತಿಬಿಡಿ ಮಿಸೆಸ್ ಬರ್ಗ್, ದಯವಿಟ್ಟು.

ಯಾಕೆಂದರೆ ಇವತ್ತು ಅವರು ಕೇಳಿಬಿಟ್ಟರು, ಸೇಬು ಹೆಚ್ಚುತ್ತಾ, ತಲೆ ಎತ್ತದೆ, ಟೆಸ್, ನಿಜ ಹೇಳು ಚಿನ್ನ, ಅವನಿಗೆ ನನ್ನ ಮೇಲೆ ಸಿಟ್ಟಿತ್ತಲ್ವಾ, ಆವತ್ತು ಏಳು ಸಲ ಕೂಗಿದೆ, ಊಟಕ್ಕೆ ಬಾರೋ ಅಂತ, ಒಂದ್ಸಲನಾದ್ರೂ ಓ ಅಂದನಾ, ಹಾಗೇ ಹೊರಟುಹೋದ — ನಾನು ಸೇಬಿನ ಸಿಪ್ಪೆ ತಿನ್ನುತ್ತಾ ಗೊತ್ತಿಲ್ಲ ಎಂದೆ, ಗೊತ್ತಿಲ್ಲವಂತೆ, ಸುಳ್ಳಿಗೂ ನಾಚಿಕೆಯಾಗಬೇಕು, ಅವನು ಓ ಎಂದಿದ್ದು ಲಕ್ಷ ಜನರ ಮನೆಯಲ್ಲಿದೆ, ಇದೇ ಸಿ.ಡಿ. ತಟ್ಟೆಯಲ್ಲಿದೆ, ಶಾಲೆಯ ಸುಂದರಿಯನ್ನು ಈಜುಕೊಳದಲ್ಲಿ ಮುಳುಗಿಸುವ ಮೂವರು ಹುಡುಗಿಯರ ಸಿನಿಮಾ, ಅದರ ಹಾಡುಗಳ ಸಿ.ಡಿ., ಹನ್ನೆರಡನೆಯದು ನಮ್ಮದು, ಕೊನೆಗೆ ಹೆಸರುಗಳು ಮೇಲೇರುವಾಗ ಬರುವುದು, ಥಿಯೇಟರಿನಲ್ಲಿ ಜನ ಕೋಟು ಹಾಕಿಕೊಳ್ಳುತ್ತಾ ಎದ್ದರು, ಇವರೊಬ್ಬರೇ ಕೈಚೀಲ ತಬ್ಬಿಕೊಂಡು ಕೂತರು, ಮಗನ ಹೆಸರು ಬರುವವರೆಗೆ, ಹೊರಗೆ ಬಂದು, ಹಾಡೇನೋ ಚೆನ್ನಾಗಿದೆ, ಆದ್ರೆ ಆ ಹುಡುಗೀರಿಗೆ ಅಷ್ಟು ಸಿಟ್ಟು ಯಾಕಮ್ಮ, ಮನೇಲಿ ಊಟ ಹಾಕ್ತಿರಲಿಲ್ವಾ ಎಂದರು, ನಾನು ನಕ್ಕೆ, ಆಮೇಲೆ ಕಾರಿನಲ್ಲಿ ಅತ್ತೆ. ಅವನು ಸತ್ತ ಮೇಲೆ ಲಾಸ್ ಏಂಜಲಿಸಿನ ಸಿ.ಡಿ. ಕಂಪನಿಯವನು ಫೋನು ಮಾಡಿದ್ದ, ಇನ್ನೇನಾದ್ರೂ ಇದೆಯಾ ಅವನದು, ಏನಾದ್ರೂ ಸರಿ, ನೆಲಮಾಳಿಗೆಯಲ್ಲಿ ಆವತ್ತು ರೆಕಾರ್ಡು ಮಾಡಿದ ಕ್ಯಾಸೆಟ್ಟು ನನ್ನ ಹತ್ತಿರ ಇತ್ತು, ಕಳಿಸಿದೆ, ಮಧ್ಯೆ ಮಾತುಕತೆ ಇದೆ, ಕತ್ತರಿಸಿ ಎಂದೆ, ಅಯ್ಯೋ ಅದೇ ಜೀವ ಕಣ್ರೀ ಎಂದ, ಆಗೆಲ್ಲ ಅದೇ ಹುಚ್ಚು, ಕೊನೆಯ ಹಾಡಿನ ನಂತರ ಹತ್ತು ನಿಮಿಷ ಮೌನ ಬಿಟ್ಟು ಇನ್ನೊಂದನ್ನು ಬಚ್ಚಿಡುವುದು, ನಮ್ಮ ಕ್ಯಾಸೆಟ್ಟನ್ನೂ ಹಾಗೇ ಬಚ್ಚಿಟ್ಟರು, ಕವರಿನ ಮೇಲೆ ಹೆಸರಿಲ್ಲ, ಕಾದವರಿಗಷ್ಟೇ ಪಾಲು, ಹದಿನಾರರ ಹುಡುಗರು ಹಾಸಿಗೆಯಲ್ಲಿ ಬಿದ್ದುಕೊಂಡು ಕಾದರು, ಅವನ ಅಮ್ಮ ಮಾತ್ರ ಕಾಯಲಿಲ್ಲ, ಅವರಿಗೆ ಹಾಡು ಮುಗಿದರೆ ಮುಗಿಯಿತು, ನಾನೂ ಹೇಳಲಿಲ್ಲ.

ಮುಗಿಯಿತು. ಕೆಂಪು ಅಂಕಿ, ನಾಲ್ಕು ನಿಮಿಷ ಹನ್ನೊಂದು ಸೆಕೆಂಡು, ಟೆಸ್, ನೀನೇ ಒತ್ತಿಬಿಡೇ, ನಾನು ಓವನ್ ಹತ್ರ ಇದ್ದೀನಿ, ಮೊದಲ ಸಲ ನನಗೆ ಹೇಳುತ್ತಿದ್ದಾರೆ, ಗುಂಡಿ ನನ್ನ ಮೊಣಕೈ ಪಕ್ಕದಲ್ಲೇ, ಸರಿ ಎನ್ನುತ್ತೇನೆ, ಒತ್ತುವುದಿಲ್ಲ, ಕೈ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂರುತ್ತೇನೆ, ಆರು ನಿಮಿಷ, ಮೌನಕ್ಕೂ ಒಂದು ಸದ್ದಿದೆ, ತಟ್ಟೆ ಒಳಗೆ ನವಿರಾಗಿ ತಿರುಗುವುದು, ಫ್ರಿಜ್ಜು ಗುನುಗುವುದು, ಕೆಳಗಡೆ ನೆಲಮಾಳಿಗೆ, ಈ ನೆಲದ ಕೆಳಗೇ, ಅಲ್ಲಿ ಇನ್ನೂ ಮಧ್ಯಾಹ್ನ, ವೇಡ್ ಹರಿದ ಸ್ವೆಟರಿನ ತೋಳೊಳಗೆ ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ, ಮೇಲಿಂದ ಬೆಣ್ಣೆಯ ಪರಿಮಳ, ಹತ್ತು ನಿಮಿಷ, ಇವರಿಗೆ ನೆನಪೇ ಇಲ್ಲ, ಪೈಗೆ ಮುಚ್ಚಳ ಹೊದಿಸಿ ಅಂಚು ಚಿವುಟುತ್ತಿದ್ದಾರೆ, ಇಪ್ಪತ್ತೊಂದು ವರ್ಷ ಅವನ ಅಂಗಿಯ ಕಾಲರನ್ನೂ ಹೀಗೇ ಚಿವುಟಿ ನೆಟ್ಟಗೆ ಮಾಡಿದವರು, ಆವತ್ತು ಅವನು ಊಟ ಮಾಡಲಿಲ್ಲ, ಇನ್ನೊಂದು ಸಲ ನುಡಿಸೋಣ ಎಂದದ್ದು ಐದು ಸಲವಾಯಿತು, ಪಾಳಿಗೆ ತಡವಾಯಿತೆಂದು ಹಸಿದ ಹೊಟ್ಟೆಯಲ್ಲಿ ಓಡಿದ, ಮಳೆ, ಸೇತುವೆ, ಮರದ ದಿಮ್ಮಿಯ ಲಾರಿ, ಐದು ನಿಮಿಷ ಮೊದಲು ಹೊರಟಿದ್ದರೆ ಲಾರಿಯಿಲ್ಲ, ಮ್ಯಾಕರೋನಿಯ ತಟ್ಟೆ ಮೂರು ದಿನ ಈ ಮೇಜಿನ ಮೇಲೆಯೇ ಇತ್ತು, ಯಾರಿಗೂ ಎತ್ತಲು ಮನಸ್ಸಾಗಲಿಲ್ಲ, ಹೇಳಿದರೆ ಹೊಟ್ಟೆಗೆ ಹಾಕಿಕೊಂಡಾರೇ, ಇನ್ನು ಯಾವ ಭಾನುವಾರ ಯಾವ ಬಾಗಿಲು ತಟ್ಟಲಿ, ನನಗೂ ಇರುವುದು ಇವರೊಬ್ಬರೇ, ಈಗಲೂ ಒತ್ತಬಹುದು, ಹದಿಮೂರು ನಿಮಿಷ ಐವತ್ತು ಸೆಕೆಂಡು — ಅಯ್ಯೋ, ಇದಿನ್ನೂ ಓಡ್ತಾನೇ ಇದೆಯಲ್ಲೇ, ಒತ್ತು ಅಂದ್ನಲ್ಲ, ಎನ್ನುತ್ತಾ ಬರುತ್ತಾರೆ, ಹಿಟ್ಟಿನ ಬೆರಳು ಚಾಚಿಕೊಂಡು, ಇರಲಿ ಬಿಡಿ ಮಿಸೆಸ್ ಬರ್ಗ್, ಎನ್ನುತ್ತದೆ ನನ್ನ ಬಾಯಿ, ಒಂದೇ ಒಂದು ನಿಮಿಷ, ಅವನು ನಿಮಗೆ ಓಗೊಟ್ಟಿದ್ದ.

ಗಿಟಾರು, ಒಂದೇ ಗಿಟಾರು, ಟೇಪಿನ ಸುಯ್ಯೆನ್ನುವ ಸದ್ದು, ದೂರದಲ್ಲಿ, ಮೆಟ್ಟಿಲ ಮೇಲಿಂದ ಹೆಂಗಸಿನ ಕೂಗು, ವೇಡ್, ಮ್ಯಾಕರೋನಿ ಆರ್ತಿದೆ ಕಣೋ — ಅದು ನಾನು, ಎನ್ನುತ್ತಾರೆ ಮಿಸೆಸ್ ಬರ್ಗ್, ಅದು ನಾನಲ್ವೇನೇ — ಬಂದೆ ಅಮ್ಮಾ, ಎನ್ನುತ್ತಾನೆ ವೇಡ್, ಮೆಲ್ಲಗೆ, ಗಿಟಾರು ನುಡಿಸುತ್ತಲೇ, ಮೇಲಕ್ಕೆ ಹೇಗೆ ಕೇಳಬೇಕು ಅದು, ಸಿಟ್ಟಿಲ್ಲ, ನಗುತ್ತಿದ್ದಾನೆ, ಬಂದೇ ಬಿಟ್ಟೆ, ಗಿಟಾರು ಕೆಳಗಿಟ್ಟ ಸದ್ದು, ಕುರ್ಚಿ ಸರಿದ ಸದ್ದು, ಎದ್ದಿದ್ದಾನೆ, ಈ ಎಲ್ಲ ವರ್ಷ ಮೆಟ್ಟಿಲ ಕಡೆಗೆ ಮುಖ ಮಾಡಿ ಎದ್ದೇ ನಿಂತಿದ್ದಾನೆ, ಮಿಸೆಸ್ ಬರ್ಗ್ ನಗುತ್ತಿದ್ದಾರೆ, ಅಳುತ್ತಿದ್ದಾರೆ, ಬಂದೆ ಅಂದ, ಕೇಳಿದ್ಯಾ, ಬಂದೆ ಅಂದ, ಇನ್ನು ಎರಡೇ ಸೆಕೆಂಡು, ಒಂದು, ನನ್ನ ದನಿ, ಇಪ್ಪತ್ತರ ಟೆಸ್‌ಳ ದನಿ, ಏ ಕೂತ್ಕೊಳ್ಳೋ, ಇನ್ನೊಂದೇ ಒಂದು ಸಲ, ಆಮೇಲೆ ತಿನ್ನುವೆಯಂತೆ — ಕುರ್ಚಿ ಮತ್ತೆ ಸರಿದ ಸದ್ದು — ಬೆರಳು, ಹಿಟ್ಟಿನ ಬೆರಳು, ಗುಂಡಿಗಿಂತ ಒಂದಂಗುಲ ಮೇಲೆ, ಕೆಳಗೆ ಇಳಿಯುತ್ತಿಲ್ಲ, ಹಿಂದಕ್ಕೆ ಹೋಗುತ್ತಿಲ್ಲ, ಬೆರಳು